ಗೋಡೆ ತಿಂದವರು

ಕೆಂಪನಾಳದ ಭರ್ತಿಮನೆಯಲ್ಲಿ ಒಟ್ಟು ನಲವತ್ತು ಕೋಣೆಗಳು. ಅವುಗಳಲ್ಲಿ ಹದಿನಾಲ್ಕನೆಯದರ ಗೋಡೆ ಎಂಥ ರುಚಿಯದು ಎಂಬುದು ನಿಂಬೆವ್ವ ಒಬ್ಬಳಿಗೇ ಗೊತ್ತಿತ್ತು. ಬಾಗಿಲ ಪಕ್ಕದ ಗೋಡೆ ಸಪ್ಪೆ. ಕಿಟಕಿಯ ಕೆಳಗಿನದು ಉಸುಕು ಹೆಚ್ಚಾಗಿ ಹಲ್ಲಿಗೆ ಕರಕರ ಅನ್ನುತ್ತಿತ್ತು. ಟ್ರಂಕಿನ ಹಿಂದಿನ ಗೋಡೆ ಮಾತ್ರ ಕೆರೆಯ ಅಡಿಮಣ್ಣಿನದು. ನಾಲಿಗೆಗೆ ತಾಗಿದರೆ ಸಾಕು, ಮೊದಲ ಮಳೆಯ ವಾಸನೆ ಗಂಟಲಿನಿಂದ ಮೂಗಿಗೆ ಏರುತ್ತಿತ್ತು. ಊಟವಾದ ಮೇಲೆ ಒಂದು ಅಡಕೆಯಷ್ಟು, ಬೇಸರ ಬಹಳವಾದ ದಿನ ಎರಡು. ಬಲಗೈ ತೋರುಬೆರಳಿನ ಉಗುರಿನಿಂದ ಕೆರೆದು, ಅಂಗೈಯಲ್ಲಿ ತಿಕ್ಕಿ ಪುಡಿಮಾಡಿ, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಳೆಂದರೆ ಅಷ್ಟು ಹೊತ್ತು ಅವಳು ಒಬ್ಬಳೇ ಅಲ್ಲ. ಅವ್ವ ಇರುತ್ತಿದ್ದಳು, ಅವ್ವ ಸಾರಿಸಿದ ಅಂಗಳ ಇರುತ್ತಿತ್ತು, ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಮಣ್ಣು ಕರಗಿದ ಮೇಲೆ ಮತ್ತೆ ಅದೇ ನಾಲ್ಕು ಗೋಡೆ.

ಅವಳು ಆ ಕೋಣೆಗೆ ಬಂದು ಒಂಬತ್ತು ವರ್ಷವಾಗಿತ್ತು. ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕೊರತೆ ಇದ್ದದ್ದು ಸತುವಿನದು.

ಸತು ಅಂದರೆ ಕೊಡಪಾನಕ್ಕೆ ಬಳಿಯುವ, ತಗಡಿಗೆ ಹಚ್ಚುವ ಅದೇ ಸತು. ಮನುಷ್ಯರ ಮೈಯಲ್ಲೂ ಒಂದು ಚಿಟಿಕೆಯಷ್ಟು ಇರುತ್ತದೆ, ಇರಬೇಕು ಕೂಡ. ಮೊದಲೆಲ್ಲ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಟ್ಟಿರಲಿಲ್ಲ. ತಿರುಗುಜ್ವರ ಬಂದಮೇಲೆ ಎಲ್ಲ ಬದಲಾಯಿತು. ಆ ಜ್ವರದ ವೈರಸ್ಸು ಸತು ತುಂಬಿದ ಮೈಗೆ ಹೊಕ್ಕರೆ ಮೂರು ದಿನ ನೆಗಡಿ, ಒಂದು ದಿನ ಮೈಕೈ ನೋವು, ಅಷ್ಟೇ. ಸತು ಕಡಿಮೆ ಇದ್ದ ಮೈಗೆ ಹೊಕ್ಕರೆ ಮಾತ್ರ ಅಲ್ಲಿಯೇ ಸದ್ದಿಲ್ಲದೆ ಮನೆ ಮಾಡಿಕೊಂಡು ಕೂರುತ್ತದೆ. ಆ ಮನುಷ್ಯನಿಗೆ ಏನೂ ಆಗುವುದಿಲ್ಲ. ಒಳಗೆ ಕೂತಲ್ಲೇ ಅದು ತನ್ನ ರೂಪ ಬದಲಿಸಿಕೊಳ್ಳುತ್ತದೆ. ಬದಲಿಸಿಕೊಂಡು ಹೊರಗೆ ತಿರುಗಿದಾಗ, ತುಂಬಿದವರಿರಲಿ, ಖಾಲಿ ಇದ್ದವರಿರಲಿ, ಎದುರು ಸಿಕ್ಕವರನ್ನೆಲ್ಲ ಕೊಲ್ಲುತ್ತದೆ. ಮೂರು ಜಿಲ್ಲೆಗಳು ಅರ್ಧಕ್ಕರ್ಧ ಬರಿದಾದ ಮೇಲೆ ಇಷ್ಟು ತಿಳಿದದ್ದು.

ಆಮೇಲೆ ಎಲ್ಲ ಊರಿಗೂ ಉಗುರುಗಣ್ಣು ಬಂತು. ಅಂಗೈಯಗಲದ ಯಂತ್ರ, ಅದರ ಬಾಯಿಗೆ ಎಡಗೈ ಹೆಬ್ಬೆರಳು ಕೊಟ್ಟರೆ ಉಗುರಿನ ನಡುವಿಗೆ ಒಂದು ಕಿರಣ ಬಿಡುತ್ತದೆ. ಉಗುರಿನಲ್ಲಿ ಸತು ಇದ್ದಷ್ಟು ಹೊಳಪು ಮರಳಿ ಬರುತ್ತದೆ, ಆ ಹೊಳಪೇ ಅಂಕಿ. ಅರವತ್ತು ದಾಟಿದವರು ತುಂಬಿದವರು. ದಾಟದವರು ಖಾಲಿ. ಬಸ್ಸಿನ ಬಾಗಿಲಲ್ಲಿ, ಸಂತೆಯ ಅಗಸೆಬಾಗಿಲಲ್ಲಿ, ಮದುವೆ ಮನೆಯ ಹಂದರದಲ್ಲಿ ಬೆರಳು ಕೊಟ್ಟೇ ಒಳಗೆ ಹೋಗಬೇಕು. ಕನ್ಯೆ ನೋಡಲು ಬಂದವರು ನಕ್ಷತ್ರ ಕೇಳುವ ಮೊದಲು ಅಂಕಿ ಕೇಳುವಂತಾಯಿತು. ಗುಡಿಗಳಲ್ಲಿ ಸಕ್ಕರೆ ಹೋಗಿ ಹುರಿದ ಕುಂಬಳಬೀಜ ಪ್ರಸಾದವಾಯಿತು. ಊಟದ ಕೊನೆಗೆ ಬೂದುಬಣ್ಣದ ಗುಳಿಗೆ, ಎಲೆ ಅಡಿಕೆಯ ಹಾಗೆ. ಖಾಲಿ ಇದ್ದವರು ಭರ್ತಿಮನೆಗೆ ಬಂದು, ಗುಳಿಗೆ ನುಂಗಿ, ಎರಡು ಮೂರು ತಿಂಗಳಲ್ಲಿ ಗೆರೆ ದಾಟಿ ಮನೆಗೆ ಹೋಗುತ್ತಿದ್ದರು.

ನಿಂಬೆವ್ವನ ಅಂಕಿ ಮೂವತ್ತೊಂದು. ಬಂದ ದಿನವೂ ಮೂವತ್ತೊಂದು, ಒಂಬತ್ತು ವರ್ಷದ ಮೇಲೂ ಮೂವತ್ತೊಂದು.

ಪ್ರತಿ ತಿಂಗಳ ಮೊದಲ ಸೋಮವಾರ ಅವಳನ್ನು ಓದುವ ಕೋಣೆಗೆ ಕರೆದೊಯ್ಯುತ್ತಿದ್ದರು. ನಡುವೆ ದಪ್ಪ ಗಾಜು, ಗಾಜಿಗೊಂದು ರಬ್ಬರಿನ ತೋಳು. ಆ ತೋಳಿನೊಳಗೆ ಕೈ ತೂರಿಸಿದರೆ ಆಚೆ ಅರಳಿಕಟ್ಟಿ ಡಾಕ್ಟರು ಕೈಗವಸು ಹಾಕಿಕೊಂಡು ಅವಳ ಬೆರಳು ಹಿಡಿದು ಯಂತ್ರಕ್ಕೆ ಒಡ್ಡುತ್ತಿದ್ದರು. ನಲವತ್ತೈದರ ಆಸುಪಾಸಿನ ಮನುಷ್ಯ. ಮಧ್ಯಾಹ್ನದ ಬುತ್ತಿಯನ್ನು ಅಂಕಿ ತೋರಿಸುವ ಪರದೆಯ ಮುಂದೆಯೇ ಒಬ್ಬರೇ ಕೂತು ಉಣ್ಣುತ್ತಿದ್ದರು. ಮೊಸರನ್ನದ ಡಬ್ಬಿ ಸದಾ ಆ ಮೇಜಿನ ಮೇಲೆ.

"ಗುಳಿಗಿ ನುಂಗ್ತೀರಿ ಹೌದಲ್ರಿ ನಿಂಬೆವ್ವಾರ?"

"ಗುಳಿಗಿ ಕೊಡೂ ಕಿಂಡ್ಯಾಗಿನ ನಿಮ್ಮ ಕ್ಯಾಮರಾದಾಗ ಕಾಣ್ತದಲ್ರಿ ಸಾಹೇಬ್ರ. ಬಾಯಿ ತಗದೂ ತೋರ್ಸ್ತೇನಿ."

"ಅದೂ ಖರೆ." ಅವರು ಪರದೆ ನೋಡಿದರು. "ರಕ್ತ ನೋಡಿದ್ವಿ, ಕರಳು ನೋಡಿದ್ವಿ, ನಿಮ್ಮ ಹಿರೇರ ಜಾತಕಾನೂ ನೋಡಿಧಂಗ ಆತು. ಎಲ್ಲಾ ಸರೀ ಐತಿ. ಗುಳಿಗಿ ಒಳಗ ಹೋಗ್ತದ, ಸತು ಮಾತ್ರ ಮೈಗೆ ಹತ್ತವಲ್ಲದು. ರೊಟ್ಟಿ ಎಷ್ಟು?"

"ಎರಡು."

"ಬ್ಯಾಳಿ, ಹಾಲು, ತತ್ತಿ?"

ಅವಳು ಹೇಳುತ್ತ ಹೋದಳು, ಅವರು ಫಾರ್ಮಿನಲ್ಲಿ ಗೀಟು ಹಾಕುತ್ತ ಹೋದರು. ಕೊನೆಗೆ ಅವಳ ಇನ್ನೊಂದು ಕೈಯತ್ತ ಕಣ್ಣು ಹಾಯಿಸಿ ಕೇಳಿದರು: "ಇದೇನು, ತೋರುಬೆರಳಿನ ಉಗುರು ಇಷ್ಟು ಸವದೈತಿ?"

"ಕಂಡಿಕಿಗೆ ನೂಲು ಸುತ್ತಿ ಸುತ್ತಿ ಸವದೈತ್ರಿ. ನೇಕಾರ ಮಂದಿ ನಾವು."

ಒಂಬತ್ತು ವರ್ಷದಿಂದ ಅವಳ ಕೈಗೆ ಒಂದು ಎಳೆ ನೂಲೂ ತಾಗಿಲ್ಲ ಎಂಬುದು ಡಾಕ್ಟರಿಗೆ ಹೊಳೆಯಲಿಲ್ಲ. ಬರುವ ಮುನ್ನ ಬೇವಿನ ಕಡ್ಡಿಯಿಂದ ಉಗುರುಸಂದಿಯ ಮಣ್ಣನ್ನೆಲ್ಲ ತೆಗೆದು ಬರುತ್ತಿದ್ದಳು. ಇಡೀ ಭರ್ತಿಮನೆಯಲ್ಲಿ ನಿಂಬೆವ್ವನಷ್ಟು ಸ್ವಚ್ಛ ಉಗುರು ಇನ್ನೊಬ್ಬರದಿಲ್ಲ ಎಂದು ನರ್ಸಮ್ಮ ಎಲ್ಲರ ಮುಂದೆ ಹೊಗಳುತ್ತಿದ್ದಳು.

ಮಣ್ಣಿನ ಸಂಗತಿ ಬಾಯಿಬಿಟ್ಟು ಹೇಳಬೇಕೆಂದು ಅವಳಿಗೆ ಎಂದೂ ಅನಿಸಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಮಗಳು ಹೊಟ್ಟೆಯಲ್ಲಿದ್ದಾಗ ಹತ್ತಿದ ಚಟ ಅದು. ಒಮ್ಮೆ ಒಲೆಯ ಹಿಂದೆ ನಿಂತು ತಿನ್ನುವಾಗ ಅತ್ತೆ ಕಂಡು, ಸೌದೆ ತುಂಡಿನಿಂದಲೇ ಬಾಯಿಗೆ ಹೊಡೆದಿದ್ದಳು. ಓಣಿಯ ಹೆಂಗಸರನ್ನೆಲ್ಲ ಕರೆದು, ಮನೆಯಲ್ಲಿ ಕೂಳಿಲ್ಲವೆಂದು ಊರಿಗೆ ತೋರಿಸುತ್ತಾಳೆ ಈಕೆ ಎಂದು ಬೈದಿದ್ದಳು. ಅಂದಿನಿಂದ ಅದು ಯಾರ ಕಣ್ಣಿಗೂ ಬೀಳದ ಹಾಗೆ ಮಾಡುವ ಕೆಲಸ. ಮೈಮೇಲಿನ ಮಚ್ಚೆಯ ಹಾಗೆ, ಇದೆ, ಅಷ್ಟೇ.

ಮಗಳು ದಾಕ್ಷಾಯಣಿ ತಿಂಗಳಿಗೊಮ್ಮೆ ಬರುತ್ತಿದ್ದಳು. ಅವ್ವನನ್ನು ಇಲ್ಲಿಗೆ ತಂದಾಗ ಹದಿನಾರು ವರ್ಷದವಳು. ಅದಕ್ಕೂ ಮೊದಲೇ ಜ್ವರ ಅಪ್ಪನನ್ನು ಒಯ್ದಿತ್ತು. ಸೋದರಮಾವನ ಮನೆಯಲ್ಲಿ ಬೆಳೆದಳು, ಅಲ್ಲಿಂದಲೇ ಮದುವೆಯಾದಳು. ಮದುವೆಯ ಮಾರನೆಯ ವಾರ ಬಂದು, ಗೋರಂಟಿ ಹಚ್ಚಿದ ಎರಡೂ ಕೈಯನ್ನು ಗಾಜಿಗೆ ಒತ್ತಿ ತೋರಿಸಿದ್ದಳು. ನಿಂಬೆವ್ವ ಆಚೆಯಿಂದ ತನ್ನ ಕೈ ಒತ್ತಿದಳು; ಗಾಜು ತಣ್ಣಗಿತ್ತು. ಮುಂದಿನ ತಿಂಗಳು ಬಂದಾಗ ಅಂಗೈಯ ಬಣ್ಣ ಹೋಗಿತ್ತು, ಉಗುರಿನ ಮೇಲಿನದು ಉಳಿದಿತ್ತು. ಬುಡದಲ್ಲಿ ಮಾತ್ರ ಅಕ್ಕಿಕಾಳಿನಷ್ಟು ಬಿಳಿ. ತಿಂಗಳು ತಿಂಗಳಿಗೆ ಆ ಬಿಳಿ ಏರಿತು, ಕೆಂಪು ತುದಿಗೆ ಸರಿಯಿತು. ಆರನೇ ತಿಂಗಳಿಗೆ ತುದಿಯಲ್ಲೊಂದು ಗೀಟು ಉಳಿಯಿತು, ಏಳನೇ ತಿಂಗಳಿಗೆ ಅದೂ ಇಲ್ಲ. ಮಗಳ ಸಂಸಾರ ಎಷ್ಟು ಹಳತಾಯಿತು ಎಂಬುದನ್ನು ನಿಂಬೆವ್ವ ಅವಳ ಉಗುರಿನ ಮೇಲೆ ನೋಡಿದ್ದಳು.

ಈಗ ದಾಕ್ಷಾಯಣಿಗೆ ಐದು ತಿಂಗಳು. ಬಂದವಳೇ ಗಾಜಿನ ಆಚೆ ಸ್ಟೂಲಿನ ಮೇಲೆ ಕುಸಿದಂತೆ ಕೂತು ಫೋನು ಕಿವಿಗೆ ಹಿಡಿದಳು.

"ಯವ್ವಾ, ನನ್ನ ಅಂಕಿ ಇಳೀಲಿಕ್ಕೆ ಹತ್ತೇತಿ. ಎಪ್ಪತ್ನಾಲ್ಕು ಇತ್ತು. ಈಗ ಅರವತ್ಮೂರು."

"ಗುಳಿಗಿ?"

"ದಿನಾ ತಗೋತೀನಿ. ಬಸರ್ಯಾಗ ಇಳೀತದ ಅಂತಾರ, ಆದ್ರ ಇಷ್ಟು ಇಳೀಬಾರದಂತ. ಇನ್ನೆರಡು ತಿಂಗಳಿಗೆ ಮತ್ತ ಓದ್ತಾರ. ಅರವತ್ತಕ್ಕಿಂತ ಕೆಳಗ ಬಂದ್ರ..." ಅವಳು ಮಾತು ನಿಲ್ಲಿಸಿ ಸೆರಗಿನ ತುದಿ ಹಿಂಡಿದಳು. "ಇಲ್ಲೇ ತಂದು ಇಡ್ತಾರಂತ. ಹಡಿದ ಕೂಡಲೇ ಕೂಸಿನ್ನ ಗಾಜಿನ ಆಚೆ ಒಯ್ತಾರಂತ, ಮುಟ್ಟಂಗಿಲ್ಲಂತ. ಚೊಚ್ಚಲ ಬಾಣಂತನ ತವರಿನ್ಯಾಗ ಅಂತ ಎಲ್ಲಾರೂ ಅಂತಾರ. ನನ್ನ ತವರು ಖರೇನೂ ಇದ ಆಗ್ತದ ನೋಡು."

ನಗಲು ಹೋಗಿ ಅತ್ತಳು. ನಿಂಬೆವ್ವ ಗಾಜಿನ ಮೇಲೆ ಸುಮ್ಮನೆ ಬೆರಳು ಆಡಿಸಿದಳು. ಹೊತ್ತು ಮುಗಿಯಲು ಐದು ನಿಮಿಷ ಇರುವಾಗ ದಾಕ್ಷಾಯಣಿ ಇನ್ನೊಂದು ಮಾತು ಹೇಳಿದಳು. ಫೋನಿನಲ್ಲಿದ್ದರೂ ದನಿ ತಗ್ಗಿಸಿಯೇ ಹೇಳಿದಳು.

"ಯವ್ವಾ, ಒಂದ ಕೇಳ್ಲಿ? ನಾ ಸಣ್ಣಾಕಿದ್ದಾಗ ನೀ ಒಲಿ ಹಿಂದ ನಿಂತು ಮಣ್ಣು ತಿಂತಿದ್ದಿ. ನಾ ನೋಡೇನಿ."

ನಿಂಬೆವ್ವ ಗಾಜಿನ ಮೇಲಿದ್ದ ಬೆರಳನ್ನು ಮಡಚಿಕೊಂಡಳು.

"ಈಗ ನನಗೂ ಹತ್ತೇತಿ. ಸಂತ್ಯಾಗ ಸುಟ್ಟ ಮಣ್ಣಿನ ಚೂರು ಮಾರ್ತಾರಲಾ, ಅದು. ಮೂರು ತಿಂಗಳಾತು. ಬಿಡಬೇಕಂತೀನಿ, ಬಿಡಾಕ ಆಗವಲ್ಲದು. ನೀ ಹ್ಯಾಂಗ ಬಿಟ್ಟಿ?"

ಗಂಟೆ ಬಾರಿಸಿತು. ನಿಂಬೆವ್ವ ಫೋನು ಕೆಳಗಿಟ್ಟಳು.

ಕೋಣೆಗೆ ಬಂದು ಬಾಗಿಲು ಹಾಕಿದ ಸದ್ದು ಕೇಳುವವರೆಗೆ ಕಾದು, ಅವಳು ಟ್ರಂಕು ಎಳೆದಳು. ಹಿಂದೆ ಗೋಡೆಯಲ್ಲಿ ಒಂದು ಗಡಿಗೆ ಹಿಡಿಯುವಷ್ಟು ಗುಂಡಿ. ಮಟಮಟ ಮಧ್ಯಾಹ್ನ, ಹೊರಗೆ ಹಕ್ಕಿಯ ಸದ್ದೂ ಇಲ್ಲ. ಮಗಳ ಮಾತು ತಲೆಯಲ್ಲಿ ತಿರುಗುತ್ತಿತ್ತು. ಎಪ್ಪತ್ನಾಲ್ಕು ಇದ್ದದ್ದು ಅರವತ್ಮೂರು. ಮೂರು ತಿಂಗಳಾತು. ಗುಳಿಗೆ ತಪ್ಪಿಸಿಲ್ಲ. ತಾನೂ ತಪ್ಪಿಸಿಲ್ಲ. ಕೈ ತನ್ನ ಪಾಡಿಗೆ ಗುಂಡಿಯ ತಳ ಕೆರೆಯುತ್ತಿತ್ತು. ಒಂದು ಹೆಂಟೆ ಸಡಿಲಾಗಿ ಆಚೆಗೆ ಬಿತ್ತು. ಆಚೆಗೆ! ಬೆರಳು ಗಾಳಿಗೆ ಹೋಯಿತು. ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಆ ಬದಿಯಿಂದ ಇನ್ನೊಂದು ಬೆರಳು ಬಂದು ಅವಳ ಬೆರಳಿಗೆ ತಾಗಿತು.

ಬೆಚ್ಚಗಿತ್ತು.

ಒಂಬತ್ತು ವರ್ಷದಲ್ಲಿ ರಬ್ಬರು ಮುಟ್ಟಿತ್ತು, ಗಾಜು ಮುಟ್ಟಿತ್ತು, ಮನುಷ್ಯರ ಚರ್ಮ ಮುಟ್ಟಿರಲಿಲ್ಲ. ಇಬ್ಬರೂ ಬೆರಳು ತೆಗೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಆ ಬದಿಯಿಂದ ದನಿ ಬಂತು.

"ಅಲ್ಲಬೇ, ಇಷ್ಟು ವರ್ಷ ಗ್ವಾಡಿ ಕೆರಿಯೋ ಹೆಗ್ಗಣ ನೀನ ಏನು?"

"ನಿನ್ನ ಹೆಗ್ಗಣ ಅಂತ ತಿಳಕೊಂಡು ನಾ ಎರಡು ಸಲ ಪಾಷಾಣ ಕೇಳೇನಿ, ಕಾವಲಿನವರ ಕಡೆ," ಅಂದಳು ನಿಂಬೆವ್ವ.

"ಕೊಟ್ರ ಏನು ಮಾಡ್ತಿದ್ದಿ? ನನಗ ತಿನ್ನಸ್ತಿದ್ದಿ?"

"ನೀ ಹೆಂಗೂ ಗ್ವಾಡೀನ ತಿಂತೀಯಲ್ಲ."

"ತಿಂತೀನಿ. ನೀನು?"

"ತಿನ್ನದಿದ್ರ ತೂತು ಬೀಳ್ತಿತ್ತೇನು?"

ಬಾಯಿಗೆ ಸೆರಗು ತುರುಕಿಕೊಂಡು ಇಬ್ಬರೂ ನಕ್ಕರು. ನಗುವ ಅಭ್ಯಾಸ ತಪ್ಪಿ ಹೋಗಿದ್ದಕ್ಕೆ ಪಕ್ಕೆ ನೋಯಿತು.

ಅವಳ ಹೆಸರು ಕಾಶಿಂಬಿ. ಹದಿನೈದನೇ ಕೋಣೆ. ಅದರ ಬಾಗಿಲು ಆಚೆಯ ಪಡಸಾಲೆಗೆ ತೆರೆಯುತ್ತಿದ್ದರಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಬಳೆ ಮಾರುವ ಹೆಂಗಸು. ಹನ್ನೆರಡು ಹಳ್ಳಿಯ ಹೆಂಗಸರ ಕೈಗಳು ತನ್ನ ಕೈಯಲ್ಲಿ ಹಾದುಹೋಗಿವೆ ಅಂದಳು. ಕೈ ಹಿಡಿದ ಕೂಡಲೇ ಈಕೆಗೆ ಎಷ್ಟರ ಅಳತೆ ಎಂದು ಹೇಳುತ್ತಿದ್ದಳಂತೆ. ತೂತಿನಿಂದ ನಿಂಬೆವ್ವನ ಬೆರಳು ಹಿಡಿದು ಒತ್ತಿ, "ಎರಡೂಕಾಲು" ಅಂದಳು. ಅವಳ ಗಂಡ, ಇಬ್ಬರು ಗಂಡುಮಕ್ಕಳು ಒಂದೇ ವಾರದಲ್ಲಿ ಹೋಗಿದ್ದರು. ಏಳು ವರ್ಷವಾಯಿತು. ಅಂಕಿ ಇಪ್ಪತ್ತೊಂಬತ್ತು.

ಗೋಡೆಗೆ ತೂತು ಬಿದ್ದದ್ದು ತಪ್ಪು ಎಂದು ಇಬ್ಬರಿಗೂ ಗೊತ್ತಿತ್ತು. ಒಂದು ಹಳೆ ಬಟ್ಟೆ ತುರುಕಿ ಮುಚ್ಚುವುದು, ಕಾವಲಿನವರು ಉಣ್ಣಲು ಹೋದಾಗ ತೆಗೆಯುವುದು. ಎರಡು ದಿನದ ಮೇಲೆ ನಿಂಬೆವ್ವ ಮನಸ್ಸಿನಲ್ಲಿ ಕಟ್ಟಿದ್ದನ್ನು ಬಿಚ್ಚಿದಳು.

"ಕಾಶಿಂಬಿ, ನಂದು ಮೂವತ್ತೊಂದು. ನಿಂದು ಇಪ್ಪತ್ತೊಂಬತ್ತು. ನನ್ನ ಮಗಳದು ಇಳೀಲಿಕ್ಕೆ ಹತ್ತೇತಿ. ಮೂರೂ ಮಂದಿ ಗುಳಿಗಿ ನುಂಗ್ತೀವಿ. ಮೂರೂ ಮಂದಿ ಮಣ್ಣು ತಿಂತೀವಿ."

ಆ ಬದಿಯಲ್ಲಿ ಗೋಡೆ ಕೆರೆಯುವ ಸದ್ದು ನಿಂತಿತು.

"ಅಂದ್ರ ಮಣ್ಣು ಗುಳಿಗೀನ ಹಿಡಕೋತದ ಅಂತೀಯಾ, ಯಕ್ಕಾ?"

"ಗೊತ್ತಿಲ್ಲ. ಹಂಗ ಅನಸ್ತದ."

"ಡಾಕ್ಟರಿಗೆ ಹೇಳು."

"ಬರೇ ಬಾಯಿಮಾತು ಹೇಳಿದ್ರ? ಗ್ವಾಡಿಗೆ ಸಿಮೆಂಟ್ ಬಡೀತಾರ, ನನಗ ಹುಚ್ಚಿ ಅಂತ ಚೀಟಿ ಬರೀತಾರ. ಮಗಳಿಗೂ ಬರೇ ಬಿಡು ಅಂದ್ರ ಬಿಡಾಂಗಿಲ್ಲ ಅಕಿ. ಮೊದಲು ತೋರಸ್ಬೇಕು."

"ಹಂಗಾದ್ರ ನೀ ಬಿಡು," ಅಂದಳು ಕಾಶಿಂಬಿ ತಟ್ಟನೆ. "ಒಂದ ತಿಂಗಳು ಬಿಡು. ನಾ ತಿಂತ ಇರ್ತೀನಿ. ಅದ ಗುಳಿಗಿ, ಅದ ರೊಟ್ಟಿ, ಅದ ಗ್ವಾಡಿ. ನಿಂದು ಏರಿ ನಂದು ಏರದಿದ್ರ ಆತಲ್ಲ? ನನಗ ಹೊರಗ ಹೋಗೋ ಅವಸರಿಲ್ಲ."

ಆ ಕೊನೆಯ ಮಾತನ್ನು ನಿಂಬೆವ್ವ ಅಂದು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಬಿಡುವುದು ಹೇಳಿದಷ್ಟು ಸುಲಭವಿರಲಿಲ್ಲ. ಮೊದಲ ವಾರ ಬಾಯಲ್ಲಿ ನೀರೂರಿ ಊರಿ ದವಡೆ ಹಿಡಿದುಕೊಂಡಿತು. ಅಕ್ಕಿ ಅಗಿದಳು, ಕೊತ್ತಂಬರಿ ಬೀಜ ಅಗಿದಳು, ಸ್ಟೀಲಿನ ತಟ್ಟೆಯ ಅಂಚು ನೆಕ್ಕಿದಳು. ಟ್ರಂಕನ್ನು ಗುಂಡಿಗೆ ಒತ್ತಿ ಅದರ ಮೇಲೆಯೇ ಕೂರುತ್ತಿದ್ದಳು. ಒಂದು ಸಂಜೆ ಅಕಾಲದ ಮಳೆ ಬಿದ್ದು ಗೋಡೆಗಳೆಲ್ಲ ಒಮ್ಮೆಲೇ ಉಸಿರು ಬಿಟ್ಟಂತೆ ವಾಸನೆ ಎದ್ದಾಗ, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ದಾಕ್ಷಿ, ದಾಕ್ಷಿ, ದಾಕ್ಷಿ ಎಂದು ಮಗಳ ಹೆಸರು ಹೇಳುತ್ತ ಕೂತಳು. ಮಣ್ಣಿಲ್ಲದ ಕೋಣೆಯಲ್ಲಿ ಅವ್ವನೂ ಬರಲಿಲ್ಲ, ಮಗ್ಗದ ಸದ್ದೂ ಬರಲಿಲ್ಲ. ಕಾಶಿಂಬಿಯ ಬೆರಳು ಮಾತ್ರ, ದಿನಕ್ಕೊಮ್ಮೆ, ತೂತಿನಲ್ಲಿ.

ಸೋಮವಾರ ಬಂತು. ಡಾಕ್ಟರು ಬೆರಳು ಒಡ್ಡಿದರು, ಪರದೆ ನೋಡಿದರು. "ಮೂವತ್ತೊಂದು," ಎಂದು ಯಾಂತ್ರಿಕವಾಗಿ ಹೇಳಿ ಬರೆಯಲು ಹೊರಟರು.

ನಿಂಬೆವ್ವ ಕೈ ಹಿಂದಕ್ಕೆ ಎಳೆದುಕೊಳ್ಳಹೋದಳು. ಅಷ್ಟರಲ್ಲಿ ಮಗಳ ಗೋರಂಟಿ ಕಣ್ಣ ಮುಂದೆ ಬಂತು.

"ಸಾಹೇಬ್ರ, ನೀವು ಓದೂದು ಉಗುರಿನ ನಡೂಕ. ಬುಡಕ್ಕ ಓದ್ರಿ."

"ಯಂತ್ರ ನಡೂಕ ಓದೂಹಂಗ ಮಾಡ್ಯಾರವಾ."

"ನಡುವಿನದು ಹಳೇ ಉಗುರಲ್ರಿ. ಗೋರಂಟಿ ಹಚ್ಚಿ ನೋಡ್ರಿ ಬೇಕಾದ್ರ. ಬಣ್ಣ ತುದಿಗೆ ಹೋಗ್ತದ, ಹೊಸಾದು ಬುಡದಾಗ ಹುಟ್ಟತದ. ನಡುವಿನದು ಎರಡು ಮೂರು ತಿಂಗಳ ಹಿಂದಿನ ಸುದ್ದಿ ಹೇಳ್ತದ. ಈ ತಿಂಗಳದು ಬುಡದಾಗ ಐತಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಯಾವುದೋ ತಿರುಪು ಸಡಿಲಿಸಿ, ಬೆರಳನ್ನು ಇನ್ನಷ್ಟು ಒಳಗೆ ಸರಿಸಿ, ಕಿರಣವನ್ನು ಬುಡದ ಬಿಳಿಗೆ ಹಿಡಿದರು. ಪರದೆಯ ಮೇಲೆ ಅಂಕಿ ಬದಲಾಯಿತು. ಅವರು ಮತ್ತೊಮ್ಮೆ ಓದಿದರು. ಮೂರನೇ ಸಲ ಓದಿದರು.

"ಐವತ್ನಾಲ್ಕು," ಅಂದರು. ದನಿ ತೀರ ಸಣ್ಣದಾಗಿತ್ತು. "ಏನು ಮಾಡಿದ್ರಿ ನೀವು?"

"ಮೊದಲು ಹದಿನೈದನೇ ಖೋಲಿಯಾಕಿದು ಬುಡ ಓದ್ರಿ. ಆಮ್ಯಾಲ ಹೇಳ್ತೀನಿ."

ಗುರುವಾರ ಕಾಶಿಂಬಿಯ ಸರದಿ. ಬುಡದಲ್ಲೂ ಇಪ್ಪತ್ತೊಂಬತ್ತೇ. ಶುಕ್ರವಾರ ಡಾಕ್ಟರು ತಾವಾಗಿಯೇ ನಿಂಬೆವ್ವನನ್ನು ಕರೆಸಿದರು. ಅವಳು ತಲೆ ತಗ್ಗಿಸಿ, ಒಲೆಯ ಹಿಂದಿನಿಂದ ಹಿಡಿದು ಟ್ರಂಕಿನ ಹಿಂದಿನವರೆಗೆ ಎಲ್ಲ ಹೇಳಿದಳು. ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಬೈಯಲಿಲ್ಲ. ಆ ಗೋಡೆಯದೇ ಮಣ್ಣು ತರಿಸಿ, ಒಂದು ಗಾಜಿನ ಲೋಟದಲ್ಲಿ ನೀರಿಗೆ ಕದಡಿ, ಐದು ಗುಳಿಗೆ ಪುಡಿಮಾಡಿ ಹಾಕಿ ಇಟ್ಟರು. ಸಂಜೆಯ ಹೊತ್ತಿಗೆ ಮಣ್ಣು ತಳಕ್ಕಿಳಿದು ಮೇಲೆ ತಿಳಿನೀರು ನಿಂತಿತು. ಅದನ್ನು ಯಂತ್ರಕ್ಕೆ ಕೊಟ್ಟು ನೋಡಿದರೆ ಹೆಸರಿಗೂ ಸತು ಇಲ್ಲ. ಎಲ್ಲ ತಳದ ಮಣ್ಣಿನಲ್ಲಿ. ಜೇಡಿಮಣ್ಣಿಗೆ ಪುಸ್ತಕದ ಹಾಗೆ ತೆಳ್ಳಗಿನ ಹಾಳೆಗಳಿರುತ್ತವೆ, ಸತು ಆ ಹಾಳೆಗಳ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ, ಹೊಟ್ಟೆಯಲ್ಲೂ ಹಾಗೆಯೇ ಆಗಿ ಮೈಗೆ ಹತ್ತದೆ ಹೊರಗೆ ಹೋಗುತ್ತದೆ ಎಂದು ವಿವರಿಸಿದರು.

"ನಾ ಕೂಡ ಓದಿದ್ದೆ ಇದನ್ನ," ಅಂದರು. "ಎಂದೋ ಓದಿದ್ದೆ. ನನ್ನ ಫಾರ್ಮಿನ್ಯಾಗ ಮಣ್ಣಿಗೆ ಕಾಲಮ್ ಇರಲಿಲ್ಲ."

ಅಂದು ಅವರ ಮೊಸರನ್ನದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೆಯೇ ಇತ್ತು.

ಆಮೇಲಿನದು ಬೇಗ ಬೇಗ ನಡೆಯಿತು. ಡಾಕ್ಟರು ಕೋಣೆ ಕೋಣೆಯ ಬಾಗಿಲಿಗೂ ಹೋಗಿ ಹೆಂಗಸರನ್ನು ಮೆಲ್ಲಗೆ ಕೇಳಿದರು. ವರ್ಷಗಟ್ಟಲೆ ಉಳಿದಿದ್ದ ಇಪ್ಪತ್ತಾರು ಮಂದಿಯಲ್ಲಿ ಇಪ್ಪತ್ತಮೂರು ಮಂದಿ ಗೋಡೆ ತಿನ್ನುವವರೇ. ಭರ್ತಿಮನೆ ಕಟ್ಟಿಸಿದವರು ಮಂದಿಗೆ ತಮ್ಮ ಮನೆಯ ಹಾಗೆ ಅನಿಸಲಿ, ತಂಪೂ ಇರಲಿ ಎಂದು ಸುತ್ತಲಿನ ಹತ್ತು ಕೆರೆ ಹುಡುಕಿ ಒಳ್ಳೆಯ ಮಣ್ಣು ತರಿಸಿದ್ದರು. ಈಗ ಎಲ್ಲ ಗೋಡೆಗೂ ಸಿಮೆಂಟು ಹಚ್ಚಿದರು. ಹದಿನಾಲ್ಕು ಮತ್ತು ಹದಿನೈದರ ನಡುವಿನ ತೂತೂ ಮುಚ್ಚಿತು. ಗೌಂಡಿ ಬರುವ ದಿನ ಬೆಳಿಗ್ಗೆ ಕಾಶಿಂಬಿ ಅದರಲ್ಲಿ ಇಡೀ ಮುಂಗೈ ತೂರಿಸಿ ನಿಂಬೆವ್ವನ ಕೈ ಹಿಡಿದು ಸುಮ್ಮನೆ ಕೂತಿದ್ದಳು.

ದಾಕ್ಷಾಯಣಿ ಅವ್ವನ ಎರಡು ಉಗುರಿನ ಚಿತ್ರ ನೋಡಿದಳು, ಮೊದಲಿನದು ಮತ್ತು ಆಮೇಲಿನದು. ಅಂದೇ ಬಿಟ್ಟಳು. ಎರಡು ತಿಂಗಳಿಗೆ ಉಗುರಿನ ಬುಡ ಓದಿದಾಗ ಅವಳ ಅಂಕಿ ಅರವತ್ತಾರು. ಅಷ್ಟರಲ್ಲಿ ನಿಂಬೆವ್ವ ಗೆರೆ ದಾಟಿ ಹೊರಗೆ ಬಂದು, ನೇಕಾರ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಮೂಲೆಯಲ್ಲಿ ಬಾಣಂತಿಯ ಹೊರಸು ಹಾಕಿಸಿ ಕಾದಿದ್ದಳು. ಹೆಣ್ಣುಕೂಸು ಹುಟ್ಟಿತು. ಹುಟ್ಟಿದ ಅರ್ಧ ಗಳಿಗೆಗೆ ಅದನ್ನು ಅವಳ ಕೈಗೆ ಕೊಟ್ಟರು. ಕೂಸಿನ ಉಗುರುಗಳು ಈರುಳ್ಳಿ ಸಿಪ್ಪೆಯ ಹಾಗೆ ಇದ್ದವು. ಅವಳು ಹತ್ತನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು.

ಐದು ತಿಂಗಳು ಆ ಕೋಣೆಯಲ್ಲಿ ಹೊಗೆ, ಬಜೆಯ ವಾಸನೆ, ಎಣ್ಣೆ, ಅಳು, ಜೋಗುಳ. ಐದನೇ ತಿಂಗಳಿಗೆ ಅಳಿಯ ಬಂದ. ಶಾಸ್ತ್ರ ಮಾಡಿ, ತೊಟ್ಟಿಲು ಕಟ್ಟಿ, ನಿಂಬೆವ್ವ ಮಗಳನ್ನೂ ಮೊಮ್ಮಗಳನ್ನೂ ಕಳಿಸಿಕೊಟ್ಟಳು.

"ನೀನೂ ಬಾ ಯವ್ವಾ," ಅಂದಳು ದಾಕ್ಷಾಯಣಿ.

"ಬೀಗರ ಮನ್ಯಾಗ ನಾ ಎಷ್ಟು ದಿನ ಇರ್ಲಿ? ಹೋಗು, ಬರ್ತಿರು."

ಬಸ್ಸು ತಿರುವಿನಲ್ಲಿ ಮರೆಯಾಯಿತು. ಕೋಣೆಗೆ ಬಂದು ಬಾಗಿಲು ಹಾಕಿಕೊಂಡಾಗ, ಹಾಕಿದ ಸದ್ದು ಭರ್ತಿಮನೆಯ ಬಾಗಿಲಿನ ಸದ್ದಿನಂತೆಯೇ ಕೇಳಿತು. ಒಂದೇ ಭೇದ, ಇದನ್ನು ಹಾಕಿದವಳು ಅವಳೇ. ಓಣಿಯ ಮಂದಿ ಒಳ್ಳೆಯವರು. ಆದರೂ ಒಂಬತ್ತು ವರ್ಷ ಖಾಲಿ ಇದ್ದವಳು ಎಂದು ನೀರು ಕೊಡುವಾಗ ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಂಕಿ ಎಪ್ಪತ್ತಾದರೂ ಅವರ ಕಾಲು ಹಿಂದೆ ಸರಿಯುವುದು ನಿಲ್ಲಲಿಲ್ಲ. ಮಧ್ಯಾಹ್ನ ರೊಟ್ಟಿ ತಿಂದು ಕೈ ತೊಳೆದ ಮೇಲೆ, ಅವಳ ತೋರುಬೆರಳು ತನ್ನಷ್ಟಕ್ಕೆ ತಾನೇ ಗೋಡೆಗೆ ಹೋಯಿತು. ಸಿಮೆಂಟಿನ ಗೋಡೆ. ಉಗುರು ಕಿತ್ತು ರಕ್ತ ಬಂತು. ಹಿತ್ತಲಲ್ಲಿ ಒಡೆದ ಹೊಸ ಗಡಿಗೆಯ ಚೂರುಗಳಿದ್ದವು. ಅವಳು ಅವುಗಳ ಕಡೆ ನೋಡುತ್ತ ಬಹಳ ಹೊತ್ತು ನಿಂತಳು.

ಮಾರನೆಯ ದಿನವೇ ಭರ್ತಿಮನೆಗೆ ಹೊರಟಳು. ಈಗ ಅವಳು ಗಾಜಿನ ಈ ಕಡೆಯವಳು. ಆ ಕಡೆ ಕಾಶಿಂಬಿ ಬಂದು ಕೂತಳು. ನಡುವಯಸ್ಸಿನ, ಸೊರಗಿದ, ದೊಡ್ಡ ಕಣ್ಣಿನ ಹೆಂಗಸು. ಇಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದ್ದು ಅಂದೇ.

"ಇಷ್ಟು ಎತ್ತರದಾಕಿ ಅಂತ ಗೊತ್ತಿರಲಿಲ್ಲ, ಯಕ್ಕಾ," ಅಂದಳು ಕಾಶಿಂಬಿ.

ಗೋಡೆಗೆ ಸಿಮೆಂಟು ಬಿದ್ದು ಎಂಟು ತಿಂಗಳಾಗಿತ್ತು. ಗೋಡೆ ತಿನ್ನುತ್ತಿದ್ದ ಉಳಿದವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಹೋಗಿದ್ದರು. ಕಾಶಿಂಬಿಯ ಅಂಕಿ ಇಪ್ಪತ್ತೊಂಬತ್ತೇ ಇತ್ತು. ಡಾಕ್ಟರಿಗೆ ತಲೆಬಿಸಿ, ಈಕೆಯದು ಮಣ್ಣಲ್ಲ, ಬೇರೆ ಏನೋ ಎಂದು ಹೊಸ ಪರೀಕ್ಷೆ ಶುರುಮಾಡಿದ್ದರು. ನಿಂಬೆವ್ವ ಅವಳ ಬಲಗೈ ತೋರುಬೆರಳು ನೋಡಿದಳು. ಸವೆದಿತ್ತು.

"ಎಲ್ಲಿ ಇಟ್ಟಿ?" ಎಂದು ಕೇಳಿದಳು.

ಕಾಶಿಂಬಿ ಕಣ್ಣು ತಪ್ಪಿಸಲಿಲ್ಲ. "ಗೌಂಡಿ ಬರೂಕ್ಕಿಂತ ಮೊದಲು ಟ್ರಂಕ್ ತುಂಬಿ ಇಟ್ಟೀನಿ. ಇನ್ನೂ ಎರಡು ವರ್ಷ ಆಗ್ತದ. ಹೇಳ್ತೀಯೇನು ಡಾಕ್ಟರಿಗೆ?"

"ಯಾಕ ಹಿಂಗ ಮಾಡಿದಿ?"

"ಗೆರಿ ದಾಟಿದ್ರ ಬಾಗಿಲಾ ತಗೀತಾರ. ತಗದ್ರ ನಾ ಯಾರ ಮನಿಗೆ ಹೋಗ್ಲಿ? ನನ್ನ ಮನ್ಯಾಗಿನ ಮೂರೂ ಮಂದೀಗೆ ರೋಗ ಕೊಟ್ಟಾಕಿ ನಾ. ನನ್ನ ಮೈಯಾಗ ಕೂತಿತ್ತು ಅದು. ಇನ್ನ ಯಾರ ಕೈ ಹಿಡದು ಬಳಿ ಇಡ್ಲಿ ನಾ?"

ಡಾಕ್ಟರಿಗೆ ಒಂದು ಮಾತು ಹೇಳಿದರೆ ಸಾಕು. ಟ್ರಂಕು ತೆಗೆಸುತ್ತಾರೆ, ಮೂರು ತಿಂಗಳಿಗೆ ಕಾಶಿಂಬಿಯನ್ನು ಬೀದಿಗೆ ಬಿಡುತ್ತಾರೆ. ಅಲ್ಲಿಂದ ಮುಂದೆ? ನಿಂಬೆವ್ವ ತನ್ನ ಕಿತ್ತ ಉಗುರನ್ನು ಗಾಜಿಗೆ ಹಿಡಿದು ತೋರಿಸಿದಳು.

"ಇದು ನಿನ್ನೆ ಆದದ್ದು. ಮಗಳು ಹೋದ ದಿನಾನ. ಹಿತ್ತಲದಾಗ ಗಡಿಗಿ ಚೂರು ಬಿದ್ದಾವ. ಇವತ್ತು ತಿಂದಿಲ್ಲ. ನಾಳೆ ತಿಂತೀನೋ ಏನೋ. ಒಬ್ಬಾಕಿನ ಇದ್ರ ತಿಂತೀನಿ, ಕಾಶಿಂಬಿ. ತಿಂದ್ರ ಮತ್ತ ಹದಿನಾಲ್ಕಕ್ಕ ಬರ್ತೀನಿ. ನೀ ಹೊರಗ ಬರ್ತೀಯೋ, ನಾ ಒಳಗ ಬರ್ಲೋ, ನೀನ ಹೇಳು."

ಕಾಶಿಂಬಿ ಬಾಯಿ ತೆರೆದಳು. ಗಂಟೆ ಬಾರಿಸಿತು. ಫೋನು ಕಟ್ಟಾಯಿತು. ಅವಳು ಎದ್ದು, ಹಿಂತಿರುಗಿ ನೋಡದೆ ಒಳಗೆ ಹೋದಳು.

ಆ ತಿಂಗಳು ನಿಂಬೆವ್ವ ಹೇಗೆ ಕಳೆದಳೋ ಅವಳಿಗೇ ಗೊತ್ತು. ಗಡಿಗೆಯ ಚೂರುಗಳನ್ನು ಬುಟ್ಟಿಯಲ್ಲಿ ತುಂಬಿ ಹಳ್ಳಕ್ಕೆ ಚೆಲ್ಲಿ ಬಂದಳು. ಪಕ್ಕದ ಮನೆಯವರ ಹತ್ತಿರ ಕಂಡಿಕೆ ಸುತ್ತುವ ಕೆಲಸ ಕೇಳಿದಳು. ಬೆರಳಿಗೆ ನೂಲು ಸಿಕ್ಕರೆ ಗೋಡೆಯ ಕಡೆ ಹೋಗಲಿಕ್ಕಿಲ್ಲ ಎಂದು. ಮೊದಲೆರಡು ದಿನ ಎಳೆ ಕಡಿದುಕೊಂಡಿತು. ಆಮೇಲೆ ಕೈಗೆ ಹಳೆಯ ನೆನಪು ಬಂತು.

ಮತ್ತೆ ಹೋದಾಗ ಅರಳಿಕಟ್ಟಿ ಡಾಕ್ಟರು ಬಾಗಿಲಲ್ಲೇ ಎದುರಾದರು. "ಬರ್ರಿ ನಿಂಬೆವ್ವಾರ, ಒಂದು ಆಶ್ಚರ್ಯ ತೋರಸ್ತೀನಿ," ಎಂದು ಪರದೆಯ ಮುಂದೆ ಕರೆದೊಯ್ದರು. ಕಾಶಿಂಬಿಯ ಹೆಬ್ಬೆರಳಿನ ಉಗುರು ಅಲ್ಲಿ ಅಂಗೈಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಇಡೀ ಉಗುರು ಮಬ್ಬು, ಕೆರೆಯ ಕೆಸರಿನ ಬಣ್ಣ. ಬುಡದಲ್ಲಿ ಮಾತ್ರ ಒಂದು ಎಳೆ ಬೆಳಕು, ಬಿದಿಗೆಯ ಚಂದ್ರನಷ್ಟು ತೆಳ್ಳಗೆ.

"ನಾ ಏನೂ ಮಾಡಿಲ್ರಿ. ಹೊಸ ಔಷಧಾನೂ ಕೊಟ್ಟಿಲ್ಲ. ತನ್ನಷ್ಟಕ್ಕ ತಾನ ಏರಲಿಕ್ಕೆ ಹತ್ತೇತಿ," ಅಂದರು.

"ಎಷ್ಟು ದಿನದ್ದು ಅದು?"

ಡಾಕ್ಟರು ಆ ಎಳೆಯ ಅಗಲ ಅಳೆದರು. "ಇಪ್ಪತ್ತೆಂಟು ದಿನದ್ದು ಇರಬಹುದು."

ನಿಂಬೆವ್ವ ಬಂದು ಹೋಗಿ ಅಂದಿಗೆ ಸರಿಯಾಗಿ ಮೂವತ್ತು ದಿನ. ಎರಡು ದಿನ ವಿಚಾರ ಮಾಡಿದ್ದಾಳೆ ಹಾಗಾದರೆ, ಎಂದುಕೊಂಡಳು. ಟ್ರಂಕಿನ ಮೇಲೆ ಕೂತು, ಎರಡು ಹಗಲು.

ಅಂದು ಅವಳು ಭೇಟಿಗೆ ಕಾಯಲಿಲ್ಲ. ಮನೆಗೆ ಬಂದು, ಹೊರಸನ್ನು ಕಿಟಕಿಯ ಕಡೆಗೆ ಸರಿಸಿ, ತನ್ನ ಟ್ರಂಕನ್ನು ಎತ್ತಿ ಬಾಗಿಲ ಹಿಂದಿಟ್ಟಳು. ಗೋಡೆಯ ಪಕ್ಕದಲ್ಲಿ ಇನ್ನೊಂದು ಹಾಸಿಗೆ ಬಿಚ್ಚುವಷ್ಟು ಜಾಗ ಆಯಿತು. ಅಳತೆ ಸಾಕಾದೀತೇ ಎಂದು ತಾನೇ ಅಲ್ಲಿ ಒಮ್ಮೆ ಮಲಗಿ ನೋಡಿದಳು.